ಹಂಸಾಳ ಮನೆ ಯಾವುದು?

ತನ್ನ ಮೇಜಿನ ಮೇಲೆ ತಾನೇ ಗುಲಾಬಿ ಇಟ್ಟುಕೊಳ್ಳಬೇಕೆಂದರೆ ಎಲ್ಲರಿಗಿಂತ ಮೊದಲು ಆಫೀಸಿಗೆ ಬರಬೇಕು. ಆ ಶುಕ್ರವಾರ ವಸಂತ ಎಂಟೂವರೆಗೇ ಇಂದಿರಾನಗರದ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ರಸೆಲ್ ಮಾರುಕಟ್ಟೆಯಲ್ಲಿ ಆರಿಸಿ ತಂದ ಕೆಂಪು ಗುಲಾಬಿ ಶರ್ಟಿನೊಳಗಿಂದ ಚುಚ್ಚುತ್ತಿತ್ತು. ಜೊತೆಗೊಂದು ಚೀಟಿ: ‘ಎಂದೆಂದೂ ನಿಮ್ಮವಳು’. ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದದ್ದರಿಂದ ಅಕ್ಷರಗಳು ಜ್ವರ ಬಂದ ಇರುವೆಗಳ ಹಾಗೆ ಅತ್ತಿತ್ತ ತೂರಾಡುತ್ತಿದ್ದವು.

ಇದು ಅಂಬಣ್ಣನ ಉಪಾಯ. ಅಂಬಣ್ಣ ಪಕ್ಕದ ಮೇಜಿನ ಗುಮಾಸ್ತ. ವಾರಪತ್ರಿಕೆಯ ಮನೋವಿಜ್ಞಾನದ ಪುಟ ಕತ್ತರಿಸಿ ಫೈಲು ಮಾಡುವವನು. ಪಂಪ್‌ಸೆಟ್ ಬಿಡಿಭಾಗ ಮಾರುವ ಆ ಕಂಪನಿಗೆ ಟೈಪಿಸ್ಟ್ ಪ್ರತಿಭಾ ಬಂದು ಎರಡು ವರ್ಷವಾಗಿತ್ತು. ಅಷ್ಟು ದಿನದಿಂದಲೂ ವಸಂತ ಅವಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ, ಬಾಯಿಬಿಟ್ಟು ಆಡಿದ್ದು ಮಾತ್ರ “ಸ್ಟೇಪ್ಲರ್ ಇದೆಯಾ?” ಎಂಬ ಒಂದೇ ಮಾತು.

“ನೋಡು ಗುರು,” ಅಂದಿದ್ದ ಅಂಬಣ್ಣ. “ಖಾಲಿ ಹೋಟೆಲ್‌ಗೆ ಯಾರೂ ಹೋಗಲ್ಲ. ಕ್ಯೂ ಇರೋ ಹೋಟೆಲ್‌ಗೆ ಎಲ್ರೂ ನುಗ್ತಾರೆ. ನೀನು ಖಾಲಿ ಹೋಟೆಲ್ಲು. ಇನ್ನೊಬ್ಳು ನಿನ್ನ ಹಿಂದೆ ಬಿದ್ದಿದ್ದಾಳೆ ಅಂತ ಗೊತ್ತಾಗ್ಲಿ, ಪ್ರತಿಭಾ ತಾನಾಗೇ ತಿರುಗಿ ನೋಡ್ತಾಳೆ. ಇದು ಸೈಕಾಲಜಿ.”

ಒಂಬತ್ತೂವರೆಗೆ ಆಫೀಸು ತುಂಬಿತು. ಹೂವನ್ನು ಮೊದಲು ಕಂಡವರು ಕಾಶಮ್ಮ. ಗದಗದ ಕಡೆಯ ಈ ಹಿರಿಯ ಕ್ಯಾಷಿಯರಿಗೆ ಆಫೀಸಿನ ಎಲ್ಲರ ಮದುವೆ, ಬಾಣಂತನ, ಮೂಲವ್ಯಾಧಿಯ ಉಸ್ತುವಾರಿ ತಮ್ಮದೇ ಎಂಬ ಭಾವನೆ.

“ಏನಪಾ ವಸಂತಾ! ಯಾರಕಿ?”

“ಯಾರೋ... ಗೊತ್ತಿಲ್ಲ ಮೇಡಂ.”

“ಎಂದೆಂದೂ ನಿಮ್ಮವಳು ಅಂತ ಬರದಾಳ. ಗೊತ್ತಿಲ್ಲದಾಕಿ ಹಿಂಗ್ ಬರೀತಾಳೇನು? ಹೆಸರ ಹೇಳು.”

ವಸಂತ ಕಿಟಕಿಯ ಹೊರಗೆ ನೋಡಿದ. ಎದುರು ಅಂಗಡಿಯ ಬೋರ್ಡು ಕಾಣಿಸಿತು: ಹಂಸ ಡ್ರೈ ಕ್ಲೀನರ್ಸ್.

“ಹಂಸ,” ಅಂದ.

“ಎಲ್ಲಿ ಮನಿ?”

ಗುರುತಿನವರು ಒಬ್ಬರೂ ಇಲ್ಲದ ಬಡಾವಣೆ ಯಾವುದೆಂದು ಅವನು ಯೋಚಿಸಿದ. “ರಾಮಮೂರ್ತಿ ನಗರ.”

ಆಗಲೇ ಟೈಪ್‌ರೈಟರಿನ ಸದ್ದು ನಿಂತಿತು. ಪ್ರತಿಭಾ ತಿರುಗಿ ನೋಡಿದ್ದಳು! ಎದ್ದು ಬಂದು ಅವನ ಎದುರಿನ ಕುರ್ಚಿಯಲ್ಲಿ ಕೂತೇಬಿಟ್ಟಳು. “ಎಷ್ಟು ದಿನದಿಂದ ಪ್ರೀತಿಸ್ತಿದ್ದೀರಾ?” ಎಂದು ಕೇಳಿದಳು. ಅಷ್ಟು ಹತ್ತಿರದಿಂದ ಅವಳ ಕಣ್ಣು ನೋಡಿ ವಸಂತನ ಬುದ್ಧಿ ಬೆಣ್ಣೆಯಂತೆ ಕರಗಿತು. ಫೈಲಿನ ಮರೆಯಲ್ಲಿ ಅಂಬಣ್ಣ ಹೆಬ್ಬೆರಳೆತ್ತಿ ತೋರಿಸಿದ.

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅವಳು ಕೇಳುತ್ತಾ ಹೋದಳು, ಅವನು ಕಟ್ಟುತ್ತಾ ಹೋದ. ಹಂಸಾಳ ಅಪ್ಪ ಮಹಾ ಕೋಪಿಷ್ಠ. ಮಗಳನ್ನು ಮನೆಯಿಂದ ಹೊರಗೇ ಬಿಡುತ್ತಿಲ್ಲ. ಬೇರೆ ಗಂಡು ಗೊತ್ತುಮಾಡಿದ್ದಾನೆ. ಕಣ್ಣಲ್ಲಿ ನೀರು ತುಂಬಿಕೊಂಡ ಪ್ರತಿಭಾ “ಮತ್ತೆ?” ಅಂದಾಗ, ತನ್ನ ಕತೆಗೆ ತಾನೇ ಕರಗಿ, “ನಾಳೆಯೇ ನಿಶ್ಚಿತಾರ್ಥ,” ಎಂದೂ ಹೇಳಿಬಿಟ್ಟ.

ಪ್ರತಿಭಾ ದಡಕ್ಕನೆ ಎದ್ದಳು. “ನಾಳೆನಾ? ಮತ್ತೆ ಇಲ್ಲಿ ಕೂತು ಪಂಪ್ ಲೆಕ್ಕ ಬರೀತಿದ್ದೀರಲ್ರೀ! ಕಾಶಮ್ಮೋರೇ, ನಾವು ಸುಮ್ನಿರಬಾರ್ದು.”

“ಸುಮ್ಮನಿರೂದಾ? ನಾನಾ?” ಅಂದರು ಕಾಶಮ್ಮ. “ಮಧ್ಯಾಹ್ನ ಎಲ್ಲಾರೂ ಅರ್ಧ ದಿನ ರಜಾ ಹಾಕ್ರಿ. ವಾಜಿದ್, ಗಾಡಿ ತಗೀಪಾ!”

ಊಟದ ಹೊತ್ತಿಗೆ ಕಂಪನಿಯ ಮೆಟಡಾರ್ ವ್ಯಾನು ಹಳೆ ಮದ್ರಾಸ್ ರಸ್ತೆ ಹಿಡಿದಿತ್ತು. ಒಳಗೆ ಪಂಪಿನ ಡಬ್ಬಗಳ ನಡುವೆ ಕಾಶಮ್ಮ, ಪ್ರತಿಭಾ, ಅಂಬಣ್ಣ. ಮಡಿಲಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದ, ಡಿಸ್ಪ್ಯಾಚ್ ವಿಭಾಗದ ಮಿತಭಾಷಿ ರಾಜಶೇಖರ. ಮುಂದೆ ಡ್ರೈವರ್ ವಾಜಿದನ ಪಕ್ಕದಲ್ಲಿ, ದಾರಿ ತೋರಿಸಲೆಂದು, ವಸಂತ.

ಟಿನ್ ಫ್ಯಾಕ್ಟರಿ ಬಳಿ ಟ್ರಾಫಿಕ್ಕು ಜಾಮಾಗಿತ್ತು. ಅದು ಜನ್ಮದಲ್ಲಿ ಬಿಡದಿರಲಿ ಎಂದು ಬೇಡಿಕೊಂಡ ಮೊದಲ ಮನುಷ್ಯ ವಸಂತನೇ ಇರಬೇಕು. ಅದು ಅವತ್ತೇ ಐದು ನಿಮಿಷಕ್ಕೆ ಬಿಟ್ಟಿತು.

ರಾಮಮೂರ್ತಿ ನಗರದಲ್ಲಿ ಅವನು ಎಡಕ್ಕೆಂದ, ಬಲಕ್ಕೆಂದ, ಮತ್ತೆ ಎಡಕ್ಕೆಂದ.

“ಭಾಯ್,” ಅಂದ ವಾಜಿದ್, “ಈ ನೀರಿನ ಟ್ಯಾಂಕು ಮೂರನೇ ಸಲ ಬರ್ತಾ ಇದೆ. ಲವರ್ ಮನೆ ಮರ್ತು ಹೋಯ್ತಾ?”

ಹಿಂದಿನಿಂದ ಎಲ್ಲರೂ ಕತ್ತು ಮುಂದಕ್ಕೆ ಚಾಚಿದರು. ಅಷ್ಟರಲ್ಲಿ ತೆಂಗಿನಮರಗಳ ಕೆಳಗೆ ಹಳೆಯ ಕಾಲದ ದೊಡ್ಡ ಮನೆಯೊಂದು ಕಂಡಿತು. ಗೇಟಿಗೆ ಅಂಗೈಯಗಲದ ಬೀಗ ಜಡಿದಿತ್ತು. ವಸಂತನ ಪಾಲಿಗೆ ಅದು ಗರ್ಭಗುಡಿಯ ದೀಪದಂತೆ ಹೊಳೆಯಿತು.

“ಇದೇ ಮನೆ! ಅಯ್ಯೋ, ಬೀಗ ಹಾಕ್ಕೊಂಡು ಹೋಗ್ಬಿಟ್ಟಿದ್ದಾರೆ. ನಡೀರಿ, ವಾಪಸ್ ಹೋಗೋಣ.”

“ಯಾರ್ರೀ ಅದು?” ಒಳಗಿಂದ ಗುಡುಗು ಕೇಳಿತು.

ಬೀಗ ಇದ್ದದ್ದು ಬೀದಿಯ ಹಸುಗಳಿಗೆ. ಮನುಷ್ಯರು ಓಡಾಡುವ ಪಕ್ಕದ ಬಾಗಿಲಿನಿಂದ, ಪಂಚೆ ಎತ್ತಿಕಟ್ಟಿದ ಮನೆಯ ಯಜಮಾನ ಮುನಿನಾರಾಯಣಪ್ಪ ಹೊರಗೆ ಬಂದರು. ಮೀಸೆ ಪೊರಕೆಯ ಹಾಗಿತ್ತು, ಕೈಯಲ್ಲಿ ಹಸು ಓಡಿಸುವ ಕೋಲಿತ್ತು. ವಸಂತ ಬಣ್ಣಿಸಿದ್ದ ಕೋಪಿಷ್ಠ ಅಪ್ಪನನ್ನು ಅಳತೆ ಕೊಟ್ಟು ಹೊಲಿಸಿದಂತಿತ್ತು.

ಕಾಶಮ್ಮ ವ್ಯಾನಿನಿಂದ ಇಳಿದರು. “ಅಣ್ಣಾರ, ಪ್ರೀತಿ ಮಾಡಿದ ಮಕ್ಕಳನ್ನ ಅಗಲಿಸಬ್ಯಾಡ್ರಿ. ನಿಮ್ಮ ಹಂಸಾನ್ನ ನಮ್ಮ ಹುಡುಗಗ ಕೊಡ್ರಿ.”

“ಹಂಸಾನಾ? ಈ ಮನೇಲಿ ಯಾವ ಹಂಸಾನೂ ಇಲ್ಲಮ್ಮ. ನಮಗಿರೋದು ರಮ್ಯಶ್ರೀ ಅಂತ ಒಬ್ಳೇ ಮಗಳು.”

ವಸಂತನ ಎದೆಯಿಂದ ಒಂದು ಮೂಟೆ ಇಳಿಯಿತು. “ಸಾರಿ ಸಾರ್, ಮನೆ ತಪ್ಪಾಯ್ತು,” ಎಂದು ವ್ಯಾನಿನ ಕಡೆ ತಿರುಗಿದ.

“ಅಪ್ಪಾ!”

ಬಾಗಿಲಲ್ಲೊಬ್ಬ ಹುಡುಗಿ ನಿಂತಿದ್ದಳು. ಎತ್ತರದ ನಿಲುವು, ಉದ್ದ ಜಡೆ, ಕೈಯಲ್ಲಿ ದಪ್ಪನೆಯ ಪುಸ್ತಕ. ವಸಂತ ಅವಳನ್ನು ಜನ್ಮದಲ್ಲೇ ನೋಡಿರಲಿಲ್ಲ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ತಲೆ ತಗ್ಗಿಸಿದಳು.

“ಅವ್ರು ನನ್ನನ್ನ ಹಂಸ ಅಂತಾನೇ ಕರೆಯೋದು.”

ಪ್ರತಿಭಾ ಚಪ್ಪಾಳೆ ತಟ್ಟಿದಳು. ಮುನಿನಾರಾಯಣಪ್ಪ ಕೋಲು ಎತ್ತಿದರು.

“ಓಹೋ, ನೀನೇನಾ! ಬಂದ ಹನ್ನೊಂದು ಗಂಡನ್ನೂ ಬೇಡ ಅಂದ್ಲು. ‘ಮನಸಲ್ಲಿ ಒಬ್ರಿದ್ದಾರೆ’ ಅಂದ್ಲು, ಹೆಸರು ಹೇಳ್ಲಿಲ್ಲ. ಎರಡು ವರ್ಷದಿಂದ ನಿನ್ನನ್ನೇ ಹುಡುಕ್ತಿದ್ದೀನಿ ಕಣೋ! ಯಾರ ಮಗ ನೀನು?”

“ಹ... ಹಲಸೂರು... ಕೆಂಪರಾಜ್ ಅವ್ರ ಮಗ...”

“ಹೂವಿನ ತೋಟದ ಕೆಂಪರಾಜಣ್ಣನ ಮಗನಾ?” ಕೋಲು ಇಳಿಯಿತು. ಮೀಸೆಯ ಕೆಳಗೆ ಹಲ್ಲು ಕಂಡವು. “ಥೂ ನಿನ್ನ! ನಮ್ಮೋರೇ ಅಲ್ವೇನೋ! ಇದನ್ನ ಮೊದ್ಲೇ ಹೇಳೋಕೇನು ರೋಗ? ಬನ್ನಿ, ಎಲ್ರೂ ಒಳಗೆ ಬನ್ನಿ.”

ಮುಂದಿನ ಅರ್ಧ ಗಂಟೆ ವಸಂತನ ಕೈ ಮೀರಿ ಓಡಿತು. ಒಳಗಿನಿಂದ ಪಂಚಾಂಗ ಬಂತು. ಹಲಸೂರಿಗೆ ಫೋನು ಹೋಯಿತು. ಮೂವತ್ತಾದರೂ ಮಗನಿಗೆ ಹೆಣ್ಣು ಕೂಡಿಬರಲಿಲ್ಲವೆಂದು ಕೊರಗುತ್ತಿದ್ದ ಅವನಪ್ಪ ಆ ಕಡೆಯಿಂದ ಕೂಗಿಕೊಂಡ ಸಂತೋಷ ನಡುಮನೆಯ ಮೂಲೆಮೂಲೆಗೂ ಕೇಳಿಸಿತು. ಕಾಫಿ ತಂದ ರಮ್ಯಶ್ರೀ ವಸಂತನ ಮುಂದೆ ಬಗ್ಗಿದಳು.

“ಯಾರ್ರೀ ನೀವು?” ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. “ನನ್ನ ಮನಸಲ್ಲಿ ಯಾರೂ ಇಲ್ಲ. ಎಂ.ಎ. ಮುಗಿಸ್ಬೇಕು, ಅದಕ್ಕೇ ಸುಳ್ಳು ಹೇಳಿದ್ದೆ. ನಿಮ್ಮನ್ನ ಹೊಡೆದು ಓಡಿಸ್ತಾರೆ, ಇನ್ನೊಂದು ವರ್ಷ ಗಂಡು ನೋಡಲ್ಲ ಅಂದ್ಕೊಂಡೆ. ನೀವ್ಯಾಕ್ರೀ ನಮ್ಮೋರೇ ಆಗ್ಬೇಕಿತ್ತು?”

“ನಿಜ ಹೇಳ್ಬಿಡಿ ಮತ್ತೆ!”

“ಹೇಳಿದ್ರೆ ಹನ್ನೆರಡನೆಯವನು ಭಾನುವಾರ ಬರ್ತಾನೆ. ನೀವೇ ಹೇಳಿ!”

ವಸಂತ ಕೋಲಿನ ಕಡೆ ನೋಡಿದ. ಕಾಫಿ ಕುಡಿದ. ಸಂಜೆ ಐದರ ಹೊತ್ತಿಗೆ ಮುಂದಿನ ಶುಕ್ರವಾರಕ್ಕೆ ನಿಶ್ಚಿತಾರ್ಥ ಗೊತ್ತಾಗಿತ್ತು.

ವಾಪಸ್ ಬರುವಾಗ ವ್ಯಾನಿನ ಹಿಂಭಾಗದಲ್ಲಿ ಪ್ರತಿಭಾ ಅವನ ಪಕ್ಕದಲ್ಲೇ ಕೂತಳು. “ವಸಂತ್, ನಿಮ್ಮನ್ನ ನೋಡಿ ಇವತ್ತು ನನಗೂ ಧೈರ್ಯ ಬಂತು. ಎರಡು ವರ್ಷದಿಂದ ಮನಸಲ್ಲೇ ಇಟ್ಕೊಂಡಿದ್ದೆ.”

ವಸಂತ ಶರ್ಟಿನ ಕಾಲರ್ ಸರಿಮಾಡಿಕೊಂಡ.

“ರಾಜಶೇಖರ್ ವಿಷ್ಯ ಇವತ್ತೇ ಮನೇಲಿ ಹೇಳ್ಬಿಡ್ತೀನಿ.”

ಬಾಳೆಹಣ್ಣು ತಿನ್ನುತ್ತಿದ್ದ ರಾಜಶೇಖರ ನಾಚಿ ಕಿಟಕಿಯ ಕಡೆ ತಿರುಗಿದ. ಅಂಬಣ್ಣ ಪಂಪಿನ ಡಬ್ಬದ ಮೇಲಿನ ಬರಹವನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

ವಸಂತನಿಗೆ ಇನ್ನು ತಡೆಯಲಾಗಲಿಲ್ಲ. ವ್ಯಾನಿನಲ್ಲಿ ಎದ್ದು ನಿಂತು, ತಲೆಗೆ ತಗಡು ಬಡಿದದ್ದನ್ನೂ ಲೆಕ್ಕಿಸದೆ ಕೂಗಿದ: “ಕಾಶಮ್ಮೋರೇ, ನಿಮ್ಮ ಕಾಲಿಗೆ ಬೀಳ್ತೀನಿ, ನಂಬಿ! ದೇವರಾಣೆಗೂ ಆ ಹುಡುಗಿ ಯಾರು ಅಂತಾನೇ ನನಗೆ ಗೊತ್ತಿಲ್ಲ!”

ಕಾಶಮ್ಮ ಪ್ರೀತಿಯಿಂದ ಅವನ ಕೈ ಹಿಡಿದು ಕೂರಿಸಿದರು.

“ಕೂಡ್ರಪಾ, ಗಾಬ್ರಿ ಆಗಬ್ಯಾಡ. ಲಗ್ನ ಆಗಿ ಮೂವತ್ತು ವರ್ಷ ಆತು, ನಮ್ಮ ಯಜಮಾನ್ರು ಇವತ್ತಿಗೂ ಇದೇ ಮಾತು ಹೇಳ್ತಾರ.”