ಅತ್ತೆಯ ದವಡೆಗೆ ಸ್ಯಾಕ್ಸೊಫೋನು

"ಈ ಬೀದಿಗೆ ಹಲ್ಲು ಕಟ್ಟಿಕೊಟ್ಟವನು ನಾನು. ಇನ್ನು ಕಿವಿಯನ್ನೂ ನಾನೇ ಕೊಡ್ತೀನಿ!" ಎಂದು ಹಲ್ಲಿನ ಡಾಕ್ಟರು ಬೆಳಗ್ಗೆಯೇ ಘೋಷಿಸಿಬಿಟ್ಟರು. ಕೈಯಲ್ಲಿ ಹಳೇ ಜಾಝ್ ರೆಕಾರ್ಡು. ಹೊಸದಾಗಿ ಕೇಳುವವರು ಇದರಿಂದಲೇ ಶುರು ಮಾಡಬೇಕಂತೆ, ಮಾರಿದವನೇ ಹೇಳಿದನಂತೆ.

ಕ್ಲಿನಿಕ್ಕಿನ ಮುಂದಿನ ಮೇಜು ನೋಡಿಕೊಳ್ಳುವ ಹೆಂಡತಿ ಕೆಂಡವಾದರು. "ಇವತ್ತೇ ಬೇಕಿತ್ತಾ ಈ ಪೀಪಿ? ಹಲ್ಲು ಕೀಳಿಸ್ಕೊಳ್ಳಮ್ಮಾ ಅಂತ ಅಮ್ಮನ್ನ ಒಪ್ಪಿಸೋಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿದೆ. ಹೆದರಿ ಎದುರುಗಡೆ ಹೊಸ ಡಾಕ್ಟರ ಹತ್ರ ಹೋದ್ರೋ, ಸ್ವಂತ ಅತ್ತೆಯೇ ನಂಬದ ಅಳಿಯ ಅಂತ ಬೀದಿಯೆಲ್ಲ ಆಡ್ಕೊಳ್ಳುತ್ತೆ!"

"ಪೀಪಿ ಅಲ್ಲ ಕಣೇ, ಸ್ಯಾಕ್ಸೊಫೋನ್! ಇದನ್ನ ಕೇಳಿದ್ರೆ ಹೆದರಿಕೆ ಹೇಳದೆ ಕೇಳದೆ ಓಡಿಹೋಗುತ್ತೆ!"

ಅತ್ತೆ ಬಂದರು. ಊದಿದ ಕೆನ್ನೆಗೆ ಕರ್ಚೀಫು ಒತ್ತಿಕೊಂಡು ಹೊರಗಿನ ಬೆಂಚಿನಲ್ಲಿ ಕೂತರು. ಡಾಕ್ಟರು ಒಳಗೆ ಬಾಗಿಲು ಮುಚ್ಚಿ, ಹೊರಗಿನವರಿಗೂ ಕೇಳಲೆಂದು ದನಿ ಪೂರ್ತಿ ಏರಿಸಿ, ರೆಕಾರ್ಡು ಹಾಕಿ ಇಕ್ಕಳ ತೊಳೆಯತೊಡಗಿದರು.

ಸ್ಯಾಕ್ಸೊಫೋನು ಮೊದಲು ಮೆಲ್ಲಗೆ ನರಳಿತು. ಆಮೇಲೆ ಗೋಗರೆಯಿತು. ಆಮೇಲೆ ಶುರುವಾಯಿತು ನೋಡಿ, ಕಿರುಚಾಟ! ಉಸಿರೇ ಬಿಡದೆ, ಮೇಲೆ, ಇನ್ನೂ ಮೇಲೆ! ಡಾಕ್ಟರು ಮೈಮರೆತೇ ಹೋದರು. ಒಬ್ಬರೇ ಕೂಗಿದರು: "ಆಹಾ! ಎಳಿ! ಇನ್ನೂ ಎಳಿ! ಬಿಡಬೇಡ, ಎಳಿ!"

ಅವರು ಎಳಿ ಎಂದದ್ದು ರಾಗವನ್ನು. ಬೆಂಚಿಗೆ ಅದು ಹೇಗೆ ಗೊತ್ತಾಗಬೇಕು? ಹುಳುಕು ಹಲ್ಲಿನ ದರ್ಜಿ "ನಂಗೆ ನೋವೇ ಇಲ್ಲ" ಅಂತ ಎದ್ದು ನಡೆದೇಬಿಟ್ಟ. ಅವನ ಹಿಂದೆಯೇ ಅತ್ತೆ!

"ಒಳಗೆ ಯಾರೂ ಇಲ್ಲಮ್ಮಾ, ಅದು ಬರೀ ರೆಕಾರ್ಡು!" ಮಗಳು ಅಡ್ಡ ನಿಂತರು.

"ಗಂಡನ್ನ ಬಿಟ್ಕೊಡಬೇಡ ಕಣೇ, ಒಳ್ಳೇದೇ. ಆದ್ರೆ ಹೆತ್ತೋಳಿಗೆ ಸುಳ್ಳು ಹೇಳಬೇಡ!"

ಹೆಂಡತಿ ಬಾಗಿಲು ದಬದಬ ಬಡಿದರು. "ರೀ! ಹಾಳಾಗ್ಹೋಗ್ಲಿ ನಿಮ್ಮ ಪೀಪಿ! ಅಮ್ಮ ಓಡಿಹೋದ್ರು!"

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಕಲೆಗೆ ಇಂಥ ಅವಮಾನವೇ! ಇದ್ದ ಹಾಗೇ ಬೀದಿಗೆ ಹಾರಿದರು. "ಅತ್ತೆ! ನಿಲ್ಲಿ ಅಂದ್ರೆ ನಿಲ್ಲಿ!" ಕೈಯಲ್ಲಿ ಇಕ್ಕಳ ಇದ್ದದ್ದು ಅವರಿಗೆ ಮರೆತೇಹೋಗಿತ್ತು. ತಿರುಗಿ ನೋಡಿದ ಅತ್ತೆ ಅದನ್ನೇ ಕಂಡರು. ಮಂಡಿನೋವು ಅಂತಿದ್ದ ಹೆಂಗಸು, ಎದುರು ಕ್ಲಿನಿಕ್ಕಿನ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ದಾಟಿದರು!

ಬೀದಿಗೆ ಬೀದಿಯೇ ನೋಡುತ್ತಿತ್ತು. ಡಾಕ್ಟರು ಎದುರಾಳಿಯ ಬಾಗಿಲಲ್ಲೇ ಬುಸುಗುಡುತ್ತಾ ನಿಂತರು. ಕೊನೆಗೆ ಅತ್ತೆ, ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಗೆ ಬಂದರು.

"ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕಿದ್ರಲ್ಲ ಅತ್ತೆ!" ಡಾಕ್ಟರು ಗುಡುಗಿದರು.

ಅತ್ತೆ ಹತ್ತಿಯನ್ನು ಪಕ್ಕಕ್ಕೆ ಸರಿಸಿ, ಸುತ್ತ ನೋಡಿ, ದನಿ ತಗ್ಗಿಸಿದರು. "ಬೈಕೊಳ್ಳಿ ಅಳಿಯಂದ್ರೇ, ಪರವಾಗಿಲ್ಲ. ನಿಮ್ಮ ಕ್ಲಿನಿಕ್ಕಿನೊಳಗೆ ಕೂಗ್ತಿದ್ದನಲ್ಲ, ಪಾಪ, ಆ ಬಡಪಾಯಿ... ಅವನ ಮಿಕ್ಕ ಹಲ್ಲನ್ನಾದ್ರೂ ಇಲ್ಲಿ ಕೀಳಿಸಿ."