ನಮ್ಮ ಖಾನಾವಳಿ ಬಾಜುಕ ರಡಾರ್ ಬಂತು

ಆಕಾಶ ಓದೋ ಮಂದಿಗೆ ರೊಟ್ಟಿ ಬಡಿಯಾಕ ನಿಂತ್ರ ನಗೋ ಸಂಗತಿಗೆ ಬರಗಾಲ ಇರಂಗಿಲ್ಲ. ಮಸ್ಕಿ ದಾಟಿ ಲಿಂಗಸುಗೂರು ರೋಡಿನ ಬಾಜುಕ ನಂದೊಂದು ಖಾನಾವಳಿ. ಅದರ ಹಿಂದಿನ ಹೊಲದಾಗ ರಡಾರ್ ಹಾಕ್ಯಾರ. ಮೋಡಕ್ಕಿಂತ ಎಷ್ಟೋ ಮ್ಯಾಲೆ, ಗಾಳಿ ತೆಳ್ಳಗಾಗಿ ಹೋಗಿರೋ ಕಡಿ, ಸೂರ್ಯ ಏನೇನು ಹಾವಳಿ ಮಾಡ್ತಾನ ಅಂತ ಅದು ನೋಡತೈತಿ. ಹಲವು ದೇಶದವರು ಕೂಡಿ ಮಾಡೋ ಕೆಲಸ. ಇಲ್ಲಿ ನೋಡಿಕೊಳ್ಳಾಕ ನಮ್ಮ ಕಡಿಯವರು ಒಬ್ರು ಸರ್, ಹಿಮ ಬೀಳೋ ದೇಶದಿಂದ ಬಂದ ಒಬ್ಬಾಕಿ ಮೇಡಂ. ಇಬ್ಬರ ಊಟನೂ ನನ್ನ ಕಡೇನ.

೧. ಚಪ್ಪರ

ಮೊದಲಿಗೆ ಹೊಲದ ತುಂಬ ಕಂಬ ನೆಟ್ಟು ತಂತಿ ಎಳದ್ರು. ಬಾಜು ಹೊಲದ ಗೌಡ್ರು ತಡಕೊಳ್ಳಲಾರದ ಬಂದು ಸರ್‌ಗೆ ಕೇಳಿದ್ರು, "ದ್ರಾಕ್ಷಿ ಹಚ್ಚಾಕತ್ತೀರೇನ್ರೀ? ಈ ಭೂಮ್ಯಾಗ ಬರಂಗಿಲ್ರೀ. ದಾಳಿಂಬರಿ ಹಚ್ರಿ."

"ದ್ರಾಕ್ಷಿ ಅಲ್ರೀ ಗೌಡ್ರ. ಈ ತಂತಿಯಿಂದ ರೇಡಿಯೋ ಅಲೆ ಮ್ಯಾಲೆ ಕಳಸ್ತೀವಿ. ಅದು ಅಲ್ಲಿ ಬಡದು ತಿರುಗಿ ಬಂದದ್ದನ್ನ ಹಿಡೀತೀವಿ."

ಗೌಡ್ರು ಮುಗಿಲು ನೋಡಿದ್ರು, ತಂತಿ ನೋಡಿದ್ರು. "ಕಳಿಸಿದ್ದು ತಿರುಗಿ ಬರತೈತೇನ್ರೀ? ಹಂಗಾರ ನಮ್ಮ ಹುಡುಗನ್ನ ಒಂದ್ಸಲ ಇದರಾಗ ಕಳಸ್ರಿ. ಸಿಂಧನೂರಿಗೆ ಕಳಿಸಿದ್ರ ತಿರುಗಿ ಬರೋದು ಮರತು ಬಿಡ್ತಾನ."

೨. ಬೋರ್ ಪಾಯಿಂಟ್

ಸೂರ್ಯ ಒಂದೊಂದು ಸಲ ಸಿಡೀತಾನಂತ. ಆ ಸಿಡಿದದ್ದು ಇಲ್ಲಿಗೆ ಮುಟ್ಟಿದ್ರ ವಿಮಾನದವರ ಮಾತು, ದಾರಿ ತೋರಿಸೋ ಜಿಪಿಎಸ್ಸು, ಎಲ್ಲಾ ತಡವರಿಸತಾವ. ಅದಕ್ಕ ಎಲ್ಲಾ ದೇಶದ ರಡಾರು ಒಮ್ಮಿಗೇ ನೋಡಬೇಕು. ಮೊದಲನೇ ಸಲ ಅದು ಬಂದಾಗ ನಮ್ಮ ರಡಾರಿನಾಗ ಬರೇ ಗರಗರ. ಹತ್ರದಾಗ ಎಲ್ಲೋ ಕರೆಂಟಿನ ಕಿಡಿ ಹಾರಾಕತ್ತೈತಿ ಅಂದ್ರು ಸರ್. ಮೇಡಂ ಮಾರಿ ಸಣ್ಣದು ಮಾಡಿಕೊಂಡು ಊಟ ಬಿಟ್ಟು ಎದ್ದಳು.

ಮರುದಿನ ಟಿವಿ ಆಂಟೆನಾದಂಥ ಕವಲು ಕವಲಿನ ಒಂದು ಸಳಿ ಹಿಡಕೊಂಡು ಆ ಗರಗರ ಹುಡುಕಾಕ ಹೊಂಟಳು. ನಮ್ಮ ಕಡಿ ಬೋರಿನ ನೀರು ನೋಡೋರು ಹಿಂಗ ಬೇವಿನ ಕವಲು ಹಿಡಕೊಂಡು ಹೊಲ ಸುತ್ತತಾರಲ್ಲ! ಸುತ್ತಲಿನ ರೈತರು ಆಕಿ ಬೆನ್ನು ಹತ್ತಿದ್ರು. ಆಕಿ ಹೊಲ ದಾಟಿ, ಬದು ದಾಟಿ, ಸೀದಾ ನನ್ನ ಅಡಗಿ ಮನಿಗೆ ಬಂದು ಗ್ರೈಂಡರ್ ಮುಂದ ನಿಂತು "ಇಲ್ಲೇ!" ಅಂದಳು. ಅದರ ಮೋಟಾರಿನಾಗ ಕಿಡಿ ಹಾರಾಕತ್ತಿತ್ತು.

ನಾ ಇನ್ನೂ ಗ್ರೈಂಡರ್ ಬಂದ್ ಮಾಡಿಲ್ಲ, ಒಬ್ಬ ರೈತ ಅಂದ, "ಯವ್ವಾ, ಒಲಿ ಒಂದೀಟು ಆ ಕಡಿ ಸರಿಸು. ಬೋರಿನ ಗಾಡಿ ಒಳಗ ಬರಬೇಕು."

೩. ಆಯೇರಿ

ಗ್ರೈಂಡರ್ ರಿಪೇರಿ ಆತು. ಸೂರ್ಯ ಮತ್ತ ಸಿಡಿದ, ಈ ಸಲ ಭಾಳ ಜೋರು. "ಇದು ತಪ್ಪಿದ್ರ ಇಂಥದ್ದು ಮತ್ತ ಯಾವಾಗೋ ಗೊತ್ತಿಲ್ಲ" ಅಂದಳು ಮೇಡಂ.

ಅದು ಮುಟ್ಟೋ ದಿನಾನ ನಮ್ಮ ಎದುರು ಮನ್ಯಾಗ ಮದುವಿ. ಕರೆಂಟ್ ಇಲ್ಲ, ರಡಾರು ಬ್ಯಾಟರಿ ಮ್ಯಾಲೆ, ಮದುವಿ ಮೈಕು ಜನರೇಟರ್ ಮ್ಯಾಲೆ. ಅಕ್ಕಿಕಾಳು ಬಿತ್ತು, ಆಯೇರಿ, ಅಂದ್ರ ಉಡುಗೊರಿ ಕೊಡೋದು, ಚಾಲೂ ಆತು. ಯಾರು ಏನು ಕೊಟ್ರು ಅಂತ ಮೈಕಿನಾಗ ಕೂಗಬೇಕಲ್ಲ, ಮದುಮಗಳ ಸೋದರಮಾವ ತಂದ ಫ್ರಿಜ್ಜಿನ ಪಾಳಿ ಬಂದಿತ್ತು. ಅಷ್ಟರಾಗ ಮೇಡಂ ಓಡಿ ಬಂದಳು. ಮುಗಿಲಾಗ ಕಾವಲಿರೋ ಉಪಗ್ರಹ ಸುದ್ದಿ ಕೊಟ್ಟೈತಿ, ಇನ್ನೊಂದು ತಾಸಿನೊಳಗ ಬರತೈತಿ, ಜನರೇಟರಿನ ಕಿಡಿಗೆ ಮತ್ತ ಗರಗರ ಆಗತೈತಿ, ಆರಸ್ರಿ ಅಂತ ಕೈ ಮುಗದಳು.

ಮಾವ ಎದ್ದು ನಿಂತ. "ಮೈಕ್ ಇಲ್ದ ಫ್ರಿಜ್ ಕೊಟ್ರೇನು, ಕಡ್ಡಿಪೆಟ್ಟಿಗಿ ಕೊಟ್ರೇನು? ನಾ ವಾಪಸ್ ಒಯ್ತೀನಿ."

ಮೇಡಂ ಕಣ್ಣಾಗ ನೀರು ಬಂತು. ನನಗ ತಡೀಲಿಲ್ಲ. "ಆರಸ್ರಲೇ ಅದನ್ನ! ಬಸ್ಸಿನ ಹಾರನ್ ಮ್ಯಾಲೆ ದನಿ ಎಬ್ಬಿಸಿ ಗಿರಾಕಿ ಕರದಾಕಿ ನಾನು" ಅಂದು ಹೊರಸಿನ ಮ್ಯಾಲೆ ಹತ್ತಿದೆ. "ಸೋದರಮಾವನಿಂದ ಫ್ರಿಜ್ ಆಯೇರೀ!" ಅಂತ ಕೂಗಿದ ಕೂಡಲೇ ಮರದಾಗಿನ ಕಾಗಿ ಎಲ್ಲಾ ಎದ್ದವು. ಮಾವ, "ಯವ್ವಾ, ಇನ್ನೊಮ್ಮಿ ಮಸ್ಕಿ ಕಡಿ ಮಾರಿ ಮಾಡಿ ಕೂಗು, ನಮ್ಮ ಬೀಗರು ಅಲ್ಲಿ ಅದಾರ" ಅಂದ.

ಆಯೇರಿ ಮುಗಿದು ಮಂದಿ ಉಣ್ಣಾಕತ್ತಿದ್ರು. ಮೇಡಂ, ಸರ್ ಇಬ್ರೂ ನಕ್ಕೋತ ಬಂದ್ರು. ಸಿಡಿದ ಸೂರ್ಯನ ಬಿರುಗಾಳಿ ರಡಾರಿನಾಗ ಪೂರಾ ಸಿಕ್ಕಿತ್ತು, ಒಂದು ಗರಗರ ಇಲ್ಲ. ಬ್ಯಾರೆ ದೇಶದವರು ಕಂಡದ್ದಕ್ಕೂ ನಮ್ಮದಕ್ಕೂ ತಾಳೆ ಆಗಿತ್ತು. ನನ್ನ ರೊಟ್ಟಿ ಉಂಡ ಮಂದಿ ಅಷ್ಟು ದೂರದ ಸೂರ್ಯನ ನಾಡಿ ಹಿಡದ್ರಲ್ಲ ಅಂತ ಎದಿ ತುಂಬಿತು. ಆ ಬಿರುಗಾಳಿಯ ಬಣ್ಣಬಣ್ಣದ ಚಿತ್ರದ ಪ್ರಿಂಟ್ ತಗದು ಮೇಡಂ ಮದುಮಗಳ ಕೈಯಾಗ ಇಟ್ಟಳು.

ನಾ ಮತ್ತ ಹೊರಸು ಹತ್ತಿ ಕೂಗಿದೆ, "ಸೂರ್ಯಪ್ಪನ ಕಡಿಂದ ಬಿರುಗಾಳಿ ಆಯೇರೀ!"

ಮಂದಿ ಚಪ್ಪಾಳಿ ಹೊಡದ್ರು. ಮದುಮಗಳ ಅಪ್ಪ ಒಬ್ಬನೇ ಮಾರಿ ಇಳಿಬಿಟ್ಟುಕೊಂಡು ನನ್ನ ಕಿವಿ ಹತ್ರ ಬಂದ. "ಯವ್ವಾ, ಅವ ಆಯೇರಿ ಮಾಡಿದ ಮ್ಯಾಲೆ ನಾವೂ ತೀರಿಸಬೇಕಲ್ಲಬೇ. ಸೂರ್ಯನ ಮನ್ಯಾಗ ಮದುವಿ ಯಾವಾಗೈತಂತ ಮೇಡಮ್ಮಗ ಕೇಳು."