ಡಚೆಸ್‌ಗೆ ಬಂದ ಹೊಸ ಕೊಂಡಿ

ಬೌಲ್ಸ್ ಆಟದ ಕ್ಲಬ್ಬಿನ ಗಾಜಿನ ತೊಟ್ಟಿಯಲ್ಲಿದ್ದ ಅಡ್ಮಿರಲ್ ಎಂಬ ಗೋಲ್ಡ್ ಫಿಶ್‌ನ ಕೆನ್ನೆಯ ಮೇಲೆ ಶುಕ್ರವಾರ ಬೆಳಿಗ್ಗೆ, ರವೆ ಉದುರಿಸಿದಂತೆ, ಏಳೆಂಟು ಬಿಳಿ ಚುಕ್ಕೆಗಳು ಕಾಣಿಸಿದವು. ನೆವಿಲ್ ಪ್ರೌಸ್ ಅವನ್ನು ನೋಡದೇ ಇದ್ದಿದ್ದರೆ ಚೆನ್ನಾಗಿತ್ತು. ಬೇಡದ್ದನ್ನು ನೋಡುವ ಕಣ್ಣು, ಬೇಕಾದ್ದನ್ನು ಹೇಳಲಾರದ ಬಾಯಿ, ಎರಡನ್ನೂ ದೇವರು ತನಗೇ ಎತ್ತಿಟ್ಟಿದ್ದಾನೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಹೇಳಬೇಕಾದ ಮಾತು ಇಷ್ಟೇ: "ಬೆರಿಲ್, ನಾಳೆ ಡ್ಯಾನ್ಸಿಗೆ ನನ್ನ ಜೊತೆ ಬರ್ತೀರಾ?" ಕ್ಲಬ್ಬಿನ ಅಧ್ಯಕ್ಷೆ ಬೆರಿಲ್ ಟಕ್ವೆಲ್ ಎದುರು ಈ ಮಾತಾಡಲು ಅರವತ್ತಮೂರರ ಈ ವಿಧುರ ಮೂರು ವರ್ಷದಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಇವತ್ತಂತೂ ಕೇಳಿಯೇ ತೀರುವುದೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಹೊಸ ಕನ್ನಡಕ ತರಲು ಬೆಂಡಿಗೊ ಪೇಟೆಗೆ ಹೊರಟ ಬೆರಿಲ್ ತೊಟ್ಟಿಯನ್ನು ಅವನ ವಶಕ್ಕೆ ಬಿಟ್ಟಿದ್ದಳು. "ನಾಲ್ಕು ಗಂಟೆಗೆ ಬರ್ತೀನಿ ನೆವ್. ನನ್ನ ಡಚೆಸ್ ಜೋಪಾನ."

ಡಚೆಸ್ ಎಂದರೆ ಅದೇ ತೊಟ್ಟಿಯಲ್ಲಿದ್ದ ಮುದಿ ಯಾಬಿ. ಸೀಗಡಿಗೆ ದೊಡ್ಡಮ್ಮನಾಗಬೇಕಾದ, ಏಡಿಯಂಥ ಕೊಂಡಿಯುಳ್ಳ ಕೆರೆಯ ಜೀವಿ. ಅದರ ಒಂದು ಕೊಂಡಿ ಯಾವತ್ತೋ ಮುರಿದಿತ್ತು, ಇನ್ನೊಂದರಲ್ಲಿ ಕಸುವಿರಲಿಲ್ಲ. ಹಾಗಾಗಿಯೇ ಮೀನುಗಳ ಜೊತೆ ಅದರ ಸಂಸಾರ ನೆಮ್ಮದಿಯಿಂದ ಸಾಗಿತ್ತು.

"ಬಿಳಿ ಚುಕ್ಕೆ ರೋಗ ಮಾರಾಯ!" ಎಂದ ಕ್ಲಬ್ಬಿನ ಗೆಳೆಯ ಕ್ಲೈವ್. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಮುಚ್ಚಿದ ಬಕೆಟ್ಟೊಂದನ್ನು ಹಿಡಿದು ಅಡುಗೆಮನೆಗೆ ಹೊರಟಿದ್ದವನು ಅಲ್ಲೇ ನಿಂತು ಗಾಜಿಗೆ ಮೂಗು ಒತ್ತಿದ. "ಸಂಜೆಯೊಳಗೆ ಎಲ್ಲ ಮೀನೂ ಹೊಟ್ಟೆ ಮೇಲೆ ಮಾಡ್ತವೆ ನೋಡು. ಶೆಡ್ಡಲ್ಲಿ ತಾಮ್ರದ ಔಷಧಿ ಬಾಟ್ಲಿ ಇದೆ, ಸುರಿ. ಸುಮ್ನೆ ಕೂತ್ರೆ ಬೆರಿಲ್ ನಿನ್ನ ಸಿಗಿದು ಹಾಕ್ತಾಳೆ."

ನೆವಿಲ್ ಪುಕ್ಕಲನೇ ಹೊರತು ಪೂರ್ತಿ ಪೆದ್ದನಲ್ಲ. ಸಾಕುವ ಮೀನು ಮಾರುವ ಅಂಗಡಿಗೆ ಫೋನ್ ಮಾಡಿದ.

"ಅದೇ ತೊಟ್ಟೀಲಿ ಯಾಬಿ ಇದೆಯಾ?" ಅಂಗಡಿಯ ಹುಡುಗಿ ಬೆಚ್ಚಿಬಿದ್ದಳು. "ಹಾಗಾದ್ರೆ ಸುರೀಬೇಡಿ. ತಾಮ್ರ ಮೀನಿಗೆ ಮದ್ದು, ಯಾಬಿಗೆ ವಿಷ. ಕಾಯಿಲೆ ಮೀನನ್ನ ಬೇರೆ ತೊಟ್ಟಿಗೆ ಹಾಕಿ, ಅಲ್ಲಿ ಔಷಧಿ ಕೊಡಿ. ಅದಕ್ಕೂ ಮುಂಚೆ ಅದು ರೋಗಾನೇ ಹೌದಾ ಅಂತ ಬಲ್ಲವರಿಗೆ ತೋರಿಸಿ."

ಕೊನೆಯ ಮಾತು ಬರುವಷ್ಟರಲ್ಲಿ ನೆವಿಲ್ ಫೋನ್ ಇಟ್ಟಾಗಿತ್ತು.

ಅಡ್ಮಿರಲ್ ಏನು ಸುಲಭಕ್ಕೆ ಸಿಗುವ ಕುಳವೇ? ಮುಕ್ಕಾಲು ಗಂಟೆ ಬಲೆ ಆಡಿಸಿದರೂ ರೋಗಿ ಚಿಗರೆಯಂತೆ ನೆಗೆಯಿತು, ವೈದ್ಯ ಏದುಸಿರು ಬಿಟ್ಟ. ಇಸ್ತ್ರಿ ಅಂಗಿ ತೊಪ್ಪೆಯಾಯಿತು. ಆಗ ಅವನಿಗೊಂದು ಜಾಣತನ ಹೊಳೆಯಿತು. ಮೀನು ಹೊರಗೆ ಬಂದರೇನು, ಯಾಬಿ ಬಂದರೇನು, ಬೇರೆಯಾದರೆ ಸಾಕಲ್ಲ? ಡಚೆಸ್ ಪಾಪ, ತಾನಾಗಿ ಅಂಗೈಗೆ ಬಂದು ಕೂತಳು. ಅವಳನ್ನು ನೀಲಿ ಬಕೆಟ್ಟಿನಲ್ಲಿ ಬಿಟ್ಟು ತಂಪಾದ ಅಡುಗೆಮನೆಯ ಮೂಲೆಯಲ್ಲಿಟ್ಟ. ಆಮೇಲೆ ತೊಟ್ಟಿಗೆ ಔಷಧಿ ಸುರಿದ. ಬದುಕಿನಲ್ಲಿ ಮೊದಲ ಸಲ ತನ್ನ ಬುದ್ಧಿಯ ಬಗ್ಗೆ ಅವನಿಗೆ ಹೆಮ್ಮೆಯಾಯಿತು.

ಮಧ್ಯಾಹ್ನ ಅಡುಗೆಯ ಗ್ಲೆನಿಸ್ ತಟ್ಟೆ ತಂದು ಮುಂದಿಟ್ಟಳು. "ಬೆಳಿಗ್ಗೆಯಿಂದ ಒದ್ದಾಡ್ತಿದೀಯ, ತಿನ್ನು. ಯಾಬಿ ಸ್ಯಾಂಡ್‌ವಿಚ್. ತಾಜಾ ಮಾಲು, ಬಕೆಟ್ಟಿಂದ ನೇರ ಪಾತ್ರೆಗೆ!"

ನೆವಿಲ್ ವಿನೆಗರ್ ಚಿಮುಕಿಸಿಕೊಂಡು ಬೆರಳು ನೆಕ್ಕುತ್ತ ತಿಂದ. "ಇನ್ನೊಂದು ಸಿಗುತ್ತಾ?" ಎಂದೂ ಕೇಳಿದ. ಮುಗಿದುಹೋಗಿತ್ತು. ಗ್ಲೆನಿಸ್ ಮನೆಗೆ ಹೋದ ಮೇಲೆ ತಟ್ಟೆ ತೊಳೆಯಲು ಒಳಗೆ ಹೋದವನಿಗೆ ತನ್ನ ನೀಲಿ ಬಕೆಟ್ಟು ಕಂಡಿತು. ಅದರೊಳಗೆ ನೆಲ ಒರೆಸುವ ಕೋಲು ನಿಂತಿತ್ತು. ಡಚೆಸ್ ಇರಲಿಲ್ಲ.

ಬಕೆಟ್ಟಿಂದ ನೇರ ಪಾತ್ರೆಗೆ! ನೆವಿಲ್‌ಗೆ ಜೀವ ಬಾಯಿಗೆ ಬಂತು. ಡಚೆಸ್ ಮಾತ್ರ ಬರಲಿಲ್ಲ.

ನಿಜ ಹೇಳುವ ಗಂಡಸಾಗಿದ್ದರೆ ಅವನಿಗೆ ಎಂದೋ ಎರಡನೇ ಮದುವೆಯಾಗಿರುತ್ತಿತ್ತು. ಅವನು ದಾರಕ್ಕೆ ಮಾಂಸದ ಚೂರು ಕಟ್ಟಿಕೊಂಡು ಗಾಲ್ಫ್ ಮೈದಾನದ ಹೊಂಡಕ್ಕೆ ಓಡಿದ. ಎರಡು ಸಲ ನೀರಿಗೆ ಬಿದ್ದು, ಒಂದು ಯಾಬಿ ಹಿಡಿದ. ಅದಕ್ಕೆ ಇಕ್ಕಳದಂಥ ಎರಡು ಕೊಂಡಿಗಳು. ಅಷ್ಟರಲ್ಲಿ ತೊಟ್ಟಿಯ ವಿಷ ನೆನಪಾಗಿ, ನೀರು ಬಸಿದು, ಮೀನುಗಳನ್ನು ಬಾಚಿ ಬಕೆಟ್ಟಿಗೆ ಹಾಕಿ, ಜಲ್ಲಿ ತೆಗೆದೆಸೆದು, ಗಾಜು ತಿಕ್ಕಿ, ಮಳೆನೀರಿನ ಟ್ಯಾಂಕಿನಿಂದ ಮೂವತ್ತೆರಡು ಬಕೆಟ್ ಹೊತ್ತು ತುಂಬಿಸಿದ. ಮೀನುಗಳ ಜೊತೆ ಹೊಸಬನನ್ನೂ ಒಳಗೆ ಬಿಟ್ಟು ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಕಾರಿನ ಸದ್ದಾಯಿತು.

ಬೆರಿಲ್ ನಗುತ್ತ ಬಂದಳು. ಮೂಗಿನ ಮೇಲೆ ಹೊಸ ಕನ್ನಡಕ, ಕಂಕುಳಲ್ಲಿ ಮುಚ್ಚಳದ ಡಬ್ಬ. "ನೆವ್, ಗ್ಲೆನಿಸ್ ಎಲ್ಲಾ ಹೇಳಿದ್ಲು..."

"ಸಿಹಿ ಸುದ್ದಿ ಬೆರಿಲ್!" ಬಾಯಿಪಾಠ ಮರೆಯುವ ಮುಂಚೆ ನೆವಿಲ್ ಒದರಿಬಿಟ್ಟ. "ಡಚೆಸ್ ಪೊರೆ ಬಿಟ್ಟಳು! ಹೊಸ ಕೊಂಡಿ ಬಂದಿದೆ ನೋಡಿ!"

ಬೆರಿಲ್ ತೊಟ್ಟಿ ನೋಡಿದಳು. ಅವನನ್ನು ನೋಡಿದಳು. ಡಬ್ಬದ ಮುಚ್ಚಳ ತೆಗೆದಳು. ಒಳಗೆ ಡಚೆಸ್ ತನ್ನ ಒಂಟಿ ಕೊಂಡಿ ಎತ್ತಿ ಕೂತಿದ್ದಳು.

"ಕ್ಲೈವ್ ತಂದ ಯಾಬಿಗಳ ಜೊತೆ ಕಲೆತುಹೋದೀತು ಅಂತ ಗ್ಲೆನಿಸ್ ಇವಳನ್ನ ಮನೆಗೆ ಒಯ್ದಿದ್ಲು," ಎಂದಳು. "ದಾರೀಲಿ ಇಸ್ಕೊಂಡು ಬಂದೆ. ಔಷಧಿಗೆ ಮುಂಚೆ ಯಾಬಿ ತೆಗೀಬೇಕು ಅಂತ ಗೊತ್ತಿರೋ ಗಂಡಸು ಕ್ಲಬ್ಬಲ್ಲಿ ನೀನೊಬ್ನೇ ಅಂತ ಖುಷಿಯಾಯ್ತು. ನಾಳೆ ಡ್ಯಾನ್ಸಿಗೆ ನಾನೇ ನಿನ್ನ ಕರೀಬೇಕು ಅಂತಿದ್ದೆ."

'ಅಂತಿದ್ದೆ' ಎಂಬುದು ನೆವಿಲ್‌ನ ಎದೆಗೆ ನಾಟಿತು.

"ಹಾಗಾದ್ರೆ ಇವನ್ಯಾರು? ಡಚೆಸ್ ಎಲ್ಲಿಗೆ ಹೋದಳು ಅಂದ್ಕೊಂಡೆ ನೀನು?"

"ಸ್ಯಾಂಡ್‌ವಿಚ್ಚಿಗೆ."

"ತಿಂದೋರು ಯಾರು?"

"ನಾನೇ. ವಿನೆಗರ್ ಹಾಕ್ಕೊಂಡು." ಒಮ್ಮೆ ಬಿಚ್ಚಿದ ಬಾಯಿ ಮುಚ್ಚಲೊಲ್ಲದು. "ಇನ್ನೊಂದು ಸಿಗುತ್ತಾ ಅಂತಲೂ ಕೇಳಿದೆ."

ತೊಟ್ಟಿಯಲ್ಲಿ ಹೊಸಬ ಅಡ್ಮಿರಲ್‌ನ ಬಾಲದ ಚೂರೊಂದನ್ನು ನಿಧಾನವಾಗಿ ಮೆಲ್ಲುತ್ತಿದ್ದ. ಬೆರಿಲ್ ಬಲೆ ಹಾಕಿ ಅವನನ್ನು ಎತ್ತಿ ಬಕೆಟ್ಟಿಗೆ ಒಗೆದಳು.

"ಆ ರೋಗ... ಚುಕ್ಕೆ ಇನ್ನೂ ಹೋಗಿಲ್ಲ," ನೆವಿಲ್ ತೊದಲಿದ. "ಬೇರೆ ಔಷಧಿ ಏನಾದ್ರೂ..."

ಬೆರಿಲ್ ಹೊಸ ಕನ್ನಡಕವನ್ನು ಮೇಲೇರಿಸಿ ಅಡ್ಮಿರಲ್‌ನ ಕೆನ್ನೆಯನ್ನು ದಿಟ್ಟಿಸಿದಳು. ಆಮೇಲೆ ಕೆಸರಿನಲ್ಲಿ ಮಿಂದು ನಿಂತ ನೆವಿಲ್‌ನನ್ನೂ ಅಷ್ಟೇ ಹೊತ್ತು ದಿಟ್ಟಿಸಿದಳು.

"ಇದು ರೋಗ ಅಲ್ಲ ನೆವ್. ವಸಂತ ಬಂತಲ್ಲ, ಜೋಡಿ ಬೇಕು ಅನ್ನಿಸಿದಾಗ ಗಂಡು ಮೀನಿಗೆ ಹೀಗೆ ಗುಳ್ಳೆ ಏಳುತ್ತೆ. ಔಷಧಿ ಏನೂ ಬೇಡ," ಎಂದು ಡಬ್ಬದ ಮುಚ್ಚಳ ಹಾಕಿ ಹೊರಟಳು. "ಸ್ವಲ್ಪ ದಿನ ಯಾರೂ ತಿರುಗಿ ನೋಡದಿದ್ರೆ ತಾನಾಗೇ ಹೋಗುತ್ತೆ."